ಬಾಡಿಗೆ ಮನೆಗೆ ಬಂಡವಾಳ ಯಾರದ್ದು?

ಉತ್ತರ ಬೆಂಗಳೂರಿನಲ್ಲಿ ಯಲಹಂಕದಿಂದ ಆರ್.ಟಿ. ನಗರದವರೆಗೆ ಯಾವ ಅಡ್ಡರಸ್ತೆಗೆ ಹೊಕ್ಕರೂ ಅದೇ ಕಟ್ಟಡ: ಮೂವತ್ತು-ನಲವತ್ತರ ಸೈಟು, ಕೆಳಗೆ ಪಾರ್ಕಿಂಗ್, ಮೇಲೆ ಮೂರು ಅಂತಸ್ತು, ಗೇಟಿನ ಪಕ್ಕ ಸಂಪು. ‘ಟು-ಲೆಟ್’ ಬೋರ್ಡಿನ ಕೆಳಗೆ ಕೆಲವೊಮ್ಮೆ ‘ಭೋಗ್ಯಕ್ಕೂ ಕೊಡಲಾಗುವುದು’ ಎಂದು ಸೇರಿಸಿರುತ್ತಾರೆ. ಕಟ್ಟಡಕ್ಕೆ ದುಡ್ಡು ಎಲ್ಲಿಂದ ಬಂತು ಎಂಬುದಕ್ಕೆ ಆ ಸಾಲೇ ಸುಳಿವು.

ಬಾಡಿಗೆದಾರರು ಬಂದದ್ದು

ಯಶವಂತಪುರಕ್ಕೆ ಎಪಿಎಂಸಿ ಯಾರ್ಡು, ರೈಲು ನಿಲ್ದಾಣ, ಪೀಣ್ಯದ ಕಾರ್ಖಾನೆಗಳು ಮೊದಲಿನಿಂದಲೂ ಬಾಡಿಗೆದಾರರನ್ನು ಒದಗಿಸಿವೆ. 2014ರಲ್ಲಿ ಮೆಟ್ರೊ ಬಂತು. ಹೆಬ್ಬಾಳ, ಯಲಹಂಕಗಳ ಕಥೆ ಬೇರೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಅಲ್ಲಿಗೆ ಹೋಗುವ ಬಳ್ಳಾರಿ ರಸ್ತೆಯ ಹಣೆಬರಹವೇ ಬದಲಾಯಿತು. ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಉಳಿದ ಕೆಲಸ ಮುಗಿಸಿತು.

ಬ್ಯಾಂಕಿನ ಸಾಲ

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದೊಳಗಿನ ಗೃಹಸಾಲ ಮನೆಯ ಬೆಲೆಯ ಶೇ 90ರವರೆಗೆ, 75 ಲಕ್ಷದವರೆಗಿನದು ಶೇ 80ರವರೆಗೆ, ಅದಕ್ಕೂ ಮೇಲಿನದು ಶೇ 75ರವರೆಗೆ ಸಿಗಬಹುದು. 60 ಲಕ್ಷದ ಫ್ಲ್ಯಾಟಿಗೆ 48 ಲಕ್ಷ ಸಾಲ ತೆಗೆದಿರೆಂದುಕೊಳ್ಳಿ. ಶೇ 8.5ರ ಬಡ್ಡಿ, 20 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 41,600 ರೂಪಾಯಿ. ಬಾಡಿಗೆ 20,000 ಬಂದರೂ ಅರ್ಧ ಕಂತಿಗೆ ಸಾಲದು. ಬಾಡಿಗೆಯೇ ಸಾಲ ತೀರಿಸುತ್ತದೆ ಎಂದು ಬ್ರೋಕರ್ ಹೇಳಿದರೆ ಕ್ಯಾಲ್ಕುಲೇಟರ್ ತೆಗೆಯಿರಿ. ಹೀಗೆ ಕೊಳ್ಳುವವರು ನಂಬಿರುವುದು ಬಾಡಿಗೆಯನ್ನಲ್ಲ, ಜಾಗದ ಬೆಲೆ ಏರುವುದನ್ನು.

ಈ ಸಾಲವಾದರೂ ಎಲ್ಲರಿಗೂ ಸಿಗುವುದಿಲ್ಲ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ನಗರಸಭೆಗಳು ಬಿಬಿಎಂಪಿಗೆ ಸೇರಿದಾಗ ಅಲ್ಲಿನ ಎಷ್ಟೋ ರೆವಿನ್ಯೂ ಸೈಟುಗಳು ಪೂರ್ಣ ಮಾನ್ಯತೆಯಿಲ್ಲದ ‘ಬಿ’ ಖಾತೆಯಲ್ಲೇ ಉಳಿದವು. ಕಂದಾಯ ಕಟ್ಟಬಹುದು, ಆದರೆ ಸಾಲವೆಂದರೆ ದೊಡ್ಡ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ.

ಭೋಗ್ಯ

ಬ್ಯಾಂಕು ಕೈಬಿಟ್ಟಲ್ಲಿ ಬಾಡಿಗೆದಾರರೇ ಸಾಲ ಕೊಡುತ್ತಾರೆ. ಇಡಿಗಂಟು ಕೊಟ್ಟು ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಹೋಗುವಾಗ ಅಷ್ಟೂ ಹಣ ವಾಪಸು ಪಡೆಯುವುದು ಭೋಗ್ಯ. ಮೊದಲ ಅಂತಸ್ತನ್ನು ಭೋಗ್ಯಕ್ಕೆ ಕೊಟ್ಟು, ಆ ದುಡ್ಡಿನಲ್ಲಿ ಎರಡನೆಯದಕ್ಕೆ ಆರ್‌ಸಿಸಿ ಹಾಕಿಸಿದವರು ಈ ಕಡೆ ಬೇಕಾದಷ್ಟಿದ್ದಾರೆ.

ಬಡ್ಡಿಯಿಲ್ಲದ ಹಣವೆಂಬುದು ಭ್ರಮೆ. 15,000 ಬಾಡಿಗೆ ಬರುವ ಮನೆಯನ್ನು 12 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ವರ್ಷಕ್ಕೆ ಕೈಬಿಟ್ಟ ಬಾಡಿಗೆ 1.8 ಲಕ್ಷ, ಅಂದರೆ ಶೇ 15ರ ಬಡ್ಡಿ. ಬಾಡಿಗೆದಾರರಿಗೆ ಅಪಾಯ ಇನ್ನೊಂದು ಬಗೆಯದು. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಕಂತು ನಿಂತರೆ, ಮನೆಯ ಮೇಲೆ ಮೊದಲ ಹಕ್ಕು ಬ್ಯಾಂಕಿನದು. ನೋಂದಣಿಯಾಗದ ಛಾಪಾಕಾಗದದ ಕರಾರು ಆಗ ಹೆಚ್ಚು ನೆರವಿಗೆ ಬಾರದು. ಹಣ ಕೊಡುವ ಮೊದಲು ಋಣಭಾರ ಪತ್ರ ತೆಗೆಸಿ ನೋಡಬೇಕು. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ.

ಕರಾರು, ಕಂದಾಯ

ಬಾಡಿಗೆ ಕರಾರು 11 ತಿಂಗಳಿಗೆ ಇರುವುದು ಏಕೆಂದರೆ, ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆ ನೋಂದಣಿ ಕಡ್ಡಾಯ ಮಾಡಿದೆ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಇಂದು ಅದರೊಳಗೆ ಸಿಗುವ ಮನೆ ಯಾವುದು? ಬಾಡಿಗೆಗೆ ಕೊಟ್ಟ ಮನೆಗೆ ಆಸ್ತಿ ತೆರಿಗೆ ದರವೂ ಸ್ವಂತ ವಾಸದ ಮನೆಯ ಎರಡರಷ್ಟು. ಆದಾಯ ತೆರಿಗೆಯಲ್ಲಿ ಮಾತ್ರ, ಕಟ್ಟಿದ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30ನ್ನು ರಸೀದಿ ಕೇಳದೆ ಬಿಡುತ್ತಾರೆ.

ಮನೆ ಖಾಲಿ ಮಾಡುವ ದಿನ

ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ರೂಢಿ. ಈಗ ಐದಾರಕ್ಕೆ ಒಪ್ಪುವವರೂ ಇದ್ದಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಎನ್ನುತ್ತದೆ, ಆದರೆ ರಾಜ್ಯ ಅಳವಡಿಸಿಕೊಂಡರಷ್ಟೇ ಅದಕ್ಕೆ ಬಲ. ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಗೋಡೆ ಹೇಗೇ ಇರಲಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಜೋಡಿಸಿದ ಆಧಾರ್ ಅನ್ನು ಮೀಟರಿನ ಆರ್‌ಆರ್ ನಂಬರಿನಿಂದ ಬಿಡಿಸಬೇಕು, ಇಲ್ಲವಾದರೆ ಹೊಸ ಮನೆಯಲ್ಲಿ ತೊಡಕು.

ಇಷ್ಟಾದ ಮೇಲೆ ಉಳಿದ ಅಡ್ವಾನ್ಸ್ ಕೇಳಿದರೆ ಅದು ಬ್ಯಾಂಕಿನಲ್ಲಿ ಇರುವುದಿಲ್ಲ. ಎಂದೋ ಮೇಲಿನ ಅಂತಸ್ತಿನ ಟೈಲ್ಸ್ ಆಗಿರುತ್ತದೆ. ಲಾರಿಗೆ ಸಾಮಾನು ಹೇರುತ್ತಿರುವಾಗ ಮಾಲೀಕರು ಗೇಟಿಗೆ ಬೋರ್ಡು ಕಟ್ಟುತ್ತಲೇ ಹೇಳುತ್ತಾರೆ: “ಹೊಸಬರು ಬರಲಿ ಸಾರ್, ಅವರ ಅಡ್ವಾನ್ಸ್ ಕೈಗೆ ಬಂದ ದಿನವೇ ಕೊಟ್ಟುಬಿಡ್ತೀನಿ.”