ಅಂತರಂಗಕ್ಕೆ ಸಾಕ್ಷಿ ಕೇಳಿದ ಊರು

ಪ್ಯೂರಿಟನ್ ಸಮಾಜವನ್ನು ಕುರಿತ ಅಮೆರಿಕನ್ ಸಾಹಿತ್ಯ ಎಂದೊಡನೆ ಬಹಳ ಜನರಿಗೆ ನೆನಪಾಗುವುದು ಎದೆಯ ಮೇಲೆ ಕೆಂಪು 'ಎ' ಅಕ್ಷರ ತೊಟ್ಟು ನಿಂತ ಹೆಸ್ಟರ್ ಪ್ರಿನ್. ಆದರೆ 1850ರಲ್ಲಿ ನಥಾನಿಯಲ್ ಹಾಥಾರ್ನ್ 'ದಿ ಸ್ಕಾರ್ಲೆಟ್ ಲೆಟರ್' ಪ್ರಕಟಿಸುವ ಹೊತ್ತಿಗೆ ಪಾಪ, ಲಜ್ಜೆಗಳ ಬರವಣಿಗೆಗೆ ಆ ನೆಲದಲ್ಲಿ ಇನ್ನೂರು ವರ್ಷಗಳ ಚರಿತ್ರೆಯಿತ್ತು. ಅದನ್ನು ಬಿಟ್ಟು ಓದಿದರೆ ಹೆಸ್ಟರಳದು ಕಟ್ಟುನಿಟ್ಟಿನ ಊರೊಂದು ಒಬ್ಬ ಹೆಣ್ಣನ್ನು ಗೋಳುಹೊಯ್ದುಕೊಂಡ ಕಥೆ, ಅಷ್ಟೇ. ಈ ಸಾಹಿತ್ಯ ತಲೆಮಾರುಗಳಿಂದ ಕೇಳುತ್ತ ಬಂದಿರುವ ಪ್ರಶ್ನೆ ಇನ್ನೂ ಆಳದ್ದು. ಮನಸ್ಸಿನೊಳಗಿನದನ್ನು ಎಲ್ಲರೆದುರು ತೆರೆದಿಡಲೇಬೇಕೆಂದು ಊರೇ ಪಟ್ಟು ಹಿಡಿದರೆ ಮನುಷ್ಯ ಏನಾಗುತ್ತಾನೆ?

ಊರು ಪಟ್ಟು ಹಿಡಿದದ್ದು ಚರಿತ್ರೆಯ ಮಾತು. 1630ರಲ್ಲಿ ಜಾನ್ ವಿಂಥ್ರಾಪ್‌ನ ಮುಂದಾಳುತನದಲ್ಲಿ ಮ್ಯಾಸಚೂಸೆಟ್ಸ್ ತೀರಕ್ಕೆ ಬಂದ ಪ್ಯೂರಿಟನ್ನರು ಜಗತ್ತೇ ಕಣ್ಣಿಟ್ಟು ನೋಡುವಂಥ ದೈವಭಕ್ತರ ನೆಲೆಯೊಂದನ್ನು ಕಟ್ಟಲು ಹೊರಟಿದ್ದರು. ಯಾರನ್ನು ಉದ್ಧರಿಸಬೇಕೆಂದು ದೇವರು ಮೊದಲೇ ನಿಶ್ಚಯಿಸಿದ್ದಾನೆ ಎಂಬುದು ಅವರ ನಂಬಿಕೆ. ತಾನು ಆ ಆಯ್ದವರಲ್ಲಿ ಒಬ್ಬ ಎನ್ನುವುದಕ್ಕೆ ಗುರುತು ಬೇಕಿತ್ತು. ಹಾಗಾಗಿ ಚರ್ಚಿನ ಪೂರ್ಣ ಸದಸ್ಯನಾಗಬಯಸುವವನು ತನ್ನ ಮನಸ್ಸು ಪಾಪದಿಂದ ತಿರುಗಿ ಕೃಪೆ ಕಂಡ ಬಗೆಯನ್ನು ಸಭೆಯೆದುರು ಹೇಳಿಕೊಳ್ಳುವ ಪದ್ಧತಿ ಬಂತು. ಗಂಡಸರಿಗೆ ಮತದ ಹಕ್ಕು ಸಿಗುತ್ತಿದ್ದುದೂ ಆ ಸದಸ್ಯತ್ವದಿಂದಲೇ. ಒಳಗಿನ ಅನುಭವಕ್ಕೆ ಹೊರಗೆ ಇಷ್ಟು ಬೆಲೆ ಬಂದಮೇಲೆ ಅನುಭವವಿಲ್ಲದವನೂ ಅದರ ಭಾಷೆ ಕಲಿಯುತ್ತಾನೆ. ಆಷಾಢಭೂತಿತನದ ಬೇರು ಇಲ್ಲಿದೆ ಎಂದು ನನಗೆ ಅನಿಸುತ್ತದೆ. ಪಾದ್ರಿಗಳಿಗೂ ಈ ಅಪಾಯ ಗೊತ್ತಿತ್ತು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ ಊರಿನ ಪಾದ್ರಿ ಥಾಮಸ್ ಶೆಪರ್ಡ್ ತನ್ನ ಚರ್ಚಿಗೆ ಸೇರಬಂದವರ ನಿವೇದನೆಗಳನ್ನು ಕೈಯಾರೆ ಬರೆದಿಟ್ಟವನು. 1636ರಿಂದ 1640ರವರೆಗೆ ಬೈಬಲಿನ ಹತ್ತು ಕನ್ಯೆಯರ ಸಾಮ್ಯವನ್ನು ಹಿಡಿದು ಅವನು ಮಾಡಿದ ಪ್ರವಚನಗಳ ತುಂಬ ಒಂದೇ ಕಳವಳ: ಜೊತೆಜೊತೆಗೇ ಕೂತ ಭಕ್ತನನ್ನೂ ಕಪಟಿಯನ್ನೂ ಬೇರೆ ಮಾಡಿ ಕಾಣುವುದು ಹೇಗೆ?

ಆ ಕಳವಳ ಒಬ್ಬನ ಒಳಗೆ ಹೇಗೆ ಕೆಲಸ ಮಾಡುತ್ತಿತ್ತೆಂದು ತಿಳಿಯಲು ಮೈಕೆಲ್ ವಿಗಲ್ಸ್‌ವರ್ತ್‌ನ ದಿನಚರಿ ನೋಡಬೇಕು. 1650ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದ ಈತ ತನ್ನ ಅಹಂಕಾರವನ್ನೂ ಹೆತ್ತ ತಂದೆಯ ಮೇಲೆ ಪ್ರೀತಿ ಸಾಲದೆಂಬ ಕೊರಗನ್ನೂ ಅದರಲ್ಲಿ ತೋಡಿಕೊಂಡ. ಕಾಮದ ಮಾತು ಬಂದಾಗ ಮಾತ್ರ ಮಾಮೂಲು ಅಕ್ಷರ ಬಿಟ್ಟು ಶೀಘ್ರಲಿಪಿಗೆ ಇಳಿದ. ತನಗಾಗಿ ಬರೆದುಕೊಂಡ ಪುಟದಲ್ಲೂ ಯಾರೋ ನೋಡುತ್ತಿದ್ದಾರೆಂಬ ಭಯ. ಇದೇ ಮನುಷ್ಯ 1662ರಲ್ಲಿ 'ದಿ ಡೇ ಆಫ್ ಡೂಮ್' ಎಂಬ ದೀರ್ಘ ಪದ್ಯವನ್ನು ಪ್ರಕಟಿಸಿದ. ಕಡೆಯ ತೀರ್ಪಿನ ದಿನ ಬಗೆಬಗೆಯ ಪಾಪಿಗಳು ಕ್ರಿಸ್ತನೆದುರು ವಾದ ಹೂಡಿ ಸೋಲುವ ಆ ಪದ್ಯವನ್ನು ನ್ಯೂ ಇಂಗ್ಲೆಂಡಿನ ಮಕ್ಕಳು ಬಾಯಿಪಾಠ ಮಾಡಿದರು. ಅವನ ಸಮಕಾಲೀನ ಕವಿ ಆನ್ ಬ್ರಾಡ್‌ಸ್ಟ್ರೀಟ್ ದೇವರು ಇದ್ದಾನೆಯೇ ಎಂಬ ಸಂಶಯ ತನ್ನನ್ನೂ ಕಾಡಿತ್ತೆಂದು ಒಪ್ಪಿಕೊಂಡದ್ದು ಸಭೆಯಲ್ಲಿ ಅಲ್ಲ, ತನ್ನ ಮಕ್ಕಳಿಗೆಂದು ಬರೆದಿಟ್ಟ ಪತ್ರದಲ್ಲಿ.

1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ನಿವೇದನೆಯ ಈ ಪದ್ಧತಿ ತಲೆಕೆಳಗಾಯಿತು. ಮಾಟದ ಆರೋಪ ಹೊತ್ತವರಲ್ಲಿ ತಪ್ಪು ಒಪ್ಪಿಕೊಂಡವರು ಉಳಿದುಕೊಂಡರು; ಸುಳ್ಳು ಹೇಳಲಾರೆವೆಂದವರು ಸತ್ತರು. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು. ಆರೋಪಕ್ಕೆ ಉತ್ತರಿಸಲು ಒಪ್ಪದ ಮುದುಕ ಜೈಲ್ಸ್ ಕೋರಿಯನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಐದು ವರ್ಷ ಕಳೆದಮೇಲೆ, 1697ರ ಜನವರಿಯಲ್ಲಿ, ಅಂದಿನ ನ್ಯಾಯಾಧೀಶರಲ್ಲೊಬ್ಬನಾದ ಸ್ಯಾಮ್ಯುಯೆಲ್ ಸ್ಯೂಅಲ್ ಬಾಸ್ಟನ್ನಿನ ಚರ್ಚಿನಲ್ಲಿ ತನ್ನ ಆಸನದಿಂದ ಎದ್ದು ನಿಂತ. ಆ ತೀರ್ಪುಗಳ ಕಳಂಕವನ್ನೂ ಲಜ್ಜೆಯನ್ನೂ ತಾನು ಹೊರುತ್ತೇನೆಂದು ಅವನು ಬರೆದುಕೊಟ್ಟದ್ದನ್ನು ಪಾದ್ರಿ ಓದಿ ಮುಗಿಸುವವರೆಗೂ ನಿಂತೇ ಇದ್ದ. ಪ್ಯೂರಿಟನ್ನರನ್ನು ಸಾರಾಸಗಟಾಗಿ ಕಪಟಿಗಳೆಂದು ತಳ್ಳಿಹಾಕುವವರು ಈ ಗಳಿಗೆಯನ್ನು ಮರೆಯಬಾರದು.

ಆ ವಿಚಾರಣೆಯ ಇನ್ನೊಬ್ಬ ನ್ಯಾಯಾಧೀಶ ಜಾನ್ ಹಾಥೋರ್ನ್. ಅವನು ಅಂಥ ಬಹಿರಂಗ ಪಶ್ಚಾತ್ತಾಪವನ್ನು ತೋರಲಿಲ್ಲ. ಅವನ ವಂಶದ ಕುಡಿಯಾಗಿ 1804ರಲ್ಲಿ ಸೇಲಂನಲ್ಲೇ ಹುಟ್ಟಿದವನು ಕಾದಂಬರಿಕಾರ ನಥಾನಿಯಲ್.

ಅವನಿಗೂ ಮೊದಲು, 1820ರ ದಶಕದಲ್ಲಿ, ಇಬ್ಬರು ಲೇಖಕಿಯರು ಈ ವಸ್ತುವನ್ನು ಕಾದಂಬರಿಗೆ ತಂದಿದ್ದರು. ಲಿಡಿಯಾ ಮರಿಯಾ ಚೈಲ್ಡ್‌ಳ 'ಹೋಬೊಮಾಕ್' 1824ರಲ್ಲಿ, ಕ್ಯಾಥರೀನ್ ಸೆಡ್ಜ್‌ವಿಕ್‌ಳ 'ಹೋಪ್ ಲೆಸ್ಲಿ' 1827ರಲ್ಲಿ ಬಂದವು. ಹಿರಿಯರ ಮಾತಿಗಿಂತ ತಮ್ಮ ಮನಸ್ಸಾಕ್ಷಿಯನ್ನು ನಂಬುವ ಹೆಣ್ಣುಮಕ್ಕಳು ಅಲ್ಲಿ ಆಗಲೇ ಇದ್ದಾರೆ. ಹೆಸ್ಟರಳ ಈ ಅಕ್ಕಂದಿರನ್ನು ಬಹುಕಾಲ ಮರೆತದ್ದು ಅನ್ಯಾಯ.

ಹಾಥಾರ್ನ್‌ನ ಅಕ್ಷರ ಬರಿಯ ಕಲ್ಪನೆಯಲ್ಲ. ವ್ಯಭಿಚಾರ ಮಾಡಿದವರು ಬಟ್ಟೆಯಲ್ಲಿ ಕತ್ತರಿಸಿದ ಅಕ್ಷರಗಳನ್ನು ಮೇಲುಡುಪಿಗೆ ಹೊಲಿದುಕೊಳ್ಳಬೇಕೆಂಬ ಕಾನೂನು ಪ್ಲಿಮತ್‌ನಲ್ಲಿ 1658ರಲ್ಲಿ ಬಂದಿತ್ತು. ಆದರೆ ಕಾದಂಬರಿಯ ಹೆಸ್ಟರ್ ಚಿನ್ನದ ದಾರದಲ್ಲಿ ಕಸೂತಿ ಹಾಕಿ ಅದನ್ನು ತೊಡುತ್ತಾಳೆ. ಮುಚ್ಚಿಡಲು ಏನೂ ಉಳಿಯದ ಕಾರಣಕ್ಕೇ ಅವಳ ಯೋಚನೆ ಬಿಡುಗಡೆ ಪಡೆಯುತ್ತದೆ.

ನನ್ನ ದೃಷ್ಟಿಯಲ್ಲಿ ಕಾದಂಬರಿಯ ಜೀವ ಇರುವುದು ಪಾದ್ರಿ ಡಿಮ್ಸ್‌ಡೇಲ್‌ನಲ್ಲಿ. ಹೆಸ್ಟರಳ ಮಗುವಿನ ತಂದೆ ಅವನೇ. ನಿಜ ಹೇಳಿಬಿಡಬೇಕೆಂದು ಅವನು ಪ್ರವಚನಪೀಠ ಹತ್ತುತ್ತಾನೆ. ತಾನು ನೀಚ, ಪಾಪಿಗಳಲ್ಲೇ ಪರಮಪಾಪಿ ಎನ್ನುತ್ತಾನೆ. ಕೇಳಿದ ಜನ ಅವನನ್ನು ಕೆಳಗೆಳೆಯುವುದಿಲ್ಲ. ಇಂಥ ಪುಣ್ಯಾತ್ಮನೇ ತನ್ನನ್ನು ಹೀಗೆ ಕಂಡುಕೊಂಡರೆ ನಮ್ಮ ಗತಿಯೇನು ಎಂದು ಇನ್ನಷ್ಟು ಪೂಜ್ಯಭಾವದಿಂದ ತಲೆಬಾಗುತ್ತಾರೆ. ಹೀಗಾಗುತ್ತದೆಂದು ಅವನಿಗೂ ಗೊತ್ತು. ಸತ್ಯವನ್ನೇ ಆಡಿ ಅದನ್ನು ಸುಳ್ಳಾಗಿಸಿದ ನೋವು ಅವನನ್ನು ತಿನ್ನುತ್ತದೆ. ನಿವೇದನೆಯ ಭಾಷೆ ಅಷ್ಟು ಸವೆದುಹೋದ ಊರಿನಲ್ಲಿ ನಿಜವಾದ ಪಾಪಿಗೆ ಹೇಳಿಕೊಳ್ಳಲು ಮಾತೇ ಇಲ್ಲ. ಶೆಪರ್ಡ್ ಎರಡು ಶತಮಾನ ಹಿಂದೆ ಅಂಜಿದ್ದನ್ನು ಹಾಥಾರ್ನ್ ಒಬ್ಬ ಮನುಷ್ಯನ ಸಂಕಟವಾಗಿ ತೋರಿಸಿದ.

ಅವನ ನ್ಯಾಯಬುದ್ಧಿ ಇನ್ನೂ ಮುಂದೆ ಹೋಗಿತ್ತು. 1835ರ 'ಯಂಗ್ ಗುಡ್‌ಮನ್ ಬ್ರೌನ್' ಕಥೆಯ ಯುವಕ ಒಂದು ರಾತ್ರಿ ಕಾಡಿನಲ್ಲಿ, ಊರಿನ ಭಕ್ತರೆಲ್ಲ ಸೈತಾನನ ಸಭೆಗೆ ಬಂದಿರುವುದನ್ನು ಕಾಣುತ್ತಾನೆ. ಕಂಡದ್ದು ಕನಸೋ ನಿಜವೋ ತಿಳಿಯದು. ಅಂದಿನಿಂದ ಅವನಿಗೆ ಹೆಂಡತಿಯ ಮುಖದಲ್ಲೂ ಪ್ರಾರ್ಥನೆಯಲ್ಲೂ ಕಪಟವೇ ಕಾಣುತ್ತದೆ, ಬದುಕೆಲ್ಲ ಕಹಿಯಾಗುತ್ತದೆ. ಎಲ್ಲರ ಮುಖವಾಡ ಕಳಚುತ್ತೇನೆಂದು ಹೊರಟವನೂ ಸೇಲಂನ ನ್ಯಾಯಾಧೀಶನ ಹಾದಿಯನ್ನೇ ಹಿಡಿದಿರುತ್ತಾನೆ ಎಂಬ ಎಚ್ಚರ ಈ ಪರಂಪರೆಯಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ 'ಪ್ಯೂರಿಟನ್' ಎಂಬುದು ಬೈಗುಳವೇ ಆಗಿಹೋಯಿತು. 1917ರಲ್ಲಿ ಎಚ್. ಎಲ್. ಮೆಂಕೆನ್ ಅಮೆರಿಕನ್ ಸಾಹಿತ್ಯದ ಬಡತನಕ್ಕೆಲ್ಲ ಅವರನ್ನೇ ಹೊಣೆ ಮಾಡಿದ. 1939ರಲ್ಲಿ ಪೆರಿ ಮಿಲ್ಲರ್‌ನ 'ದಿ ನ್ಯೂ ಇಂಗ್ಲೆಂಡ್ ಮೈಂಡ್' ಬಂದಮೇಲೆ ಅವರ ಚಿಂತನೆಯನ್ನು ಗಂಭೀರವಾಗಿ ಓದುವ ಕೆಲಸ ಗಟ್ಟಿಯಾಯಿತು.

1953ರ ಜನವರಿಯಲ್ಲಿ ಸೇಲಂ ವಿಚಾರಣೆಯನ್ನೇ ಕುರಿತ ಆರ್ಥರ್ ಮಿಲ್ಲರ್‌ನ ನಾಟಕ 'ದಿ ಕ್ರೂಸಿಬಲ್' ರಂಗಕ್ಕೆ ಬಂದಾಗ, ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಜನರನ್ನು ಕರೆಸಿ ಒಡನಾಡಿಗಳ ಹೆಸರು ಹೇಳಿಸುವ ಕೆಲಸ ವಾಷಿಂಗ್ಟನ್ನಿನಲ್ಲಿ ನಡೆದಿತ್ತು. ನಾಟಕದ ಕೊನೆಯಲ್ಲಿ ಮಾಟದ ಆರೋಪ ಹೊತ್ತ ಜಾನ್ ಪ್ರಾಕ್ಟರ್ ಪ್ರಾಣ ಉಳಿಸಿಕೊಳ್ಳಲು ಸುಳ್ಳು ತಪ್ಪೊಪ್ಪಿಗೆಗೆ ಸಹಿಯನ್ನೂ ಹಾಕುತ್ತಾನೆ. ಆದರೆ ಅದನ್ನು ಚರ್ಚಿನ ಬಾಗಿಲಿಗೆ ಹಚ್ಚುತ್ತಾರೆಂದು ತಿಳಿದಾಗ ಕಾಗದವನ್ನು ಹರಿದುಹಾಕುತ್ತಾನೆ. 1956ರಲ್ಲಿ ಸಂಸತ್ತಿನ ಸಮಿತಿ ಮಿಲ್ಲರ್‌ನನ್ನೇ ಕರೆಸಿತು. ಅವನೂ ಬೇರೆಯವರ ಹೆಸರು ಹೇಳಲು ಒಪ್ಪಲಿಲ್ಲ. ಇಷ್ಟು ದೊಡ್ಡ ನಾಟಕದಲ್ಲೂ ಒಂದು ದೋಷ ನನ್ನನ್ನು ಬಾಧಿಸುತ್ತದೆ. ದಾಖಲೆಗಳ ಪ್ರಕಾರ, ಆರೋಪ ಹೊರಿಸಿದವರಲ್ಲೊಬ್ಬಳಾದ ಅಬಿಗೇಲ್ ವಿಲಿಯಮ್ಸ್ ಹನ್ನೊಂದು-ಹನ್ನೆರಡರ ಹುಡುಗಿ, ಪ್ರಾಕ್ಟರ್ ಅರವತ್ತರ ಆಸುಪಾಸಿನವನು. ಮಿಲ್ಲರ್ ಅವಳ ವಯಸ್ಸು ಏರಿಸಿ, ಅವನ ವಯಸ್ಸು ಇಳಿಸಿ, ಅವಳನ್ನು ಮೋಹಿನಿಯಾಗಿಸಿದ. ಊರಿನ ಪಾಪವನ್ನು ಹೆಣ್ಣೊಬ್ಬಳ ಮೇಲೆ ಹೊರಿಸುವ ಹಳೆಯ ಚಾಳಿ, ಆ ಚಾಳಿಯ ವಿರುದ್ಧ ಬರೆದ ನಾಟಕದೊಳಗೂ ನುಸುಳಿತು.

ಆಮೇಲಿನವರು ಕಥೆಯನ್ನು ಅಂಚಿನಲ್ಲಿ ನಿಂತವರ ಕಡೆಯಿಂದ ಹೇಳತೊಡಗಿದರು. ಗ್ವಾಡಲೂಪ್‌ನ ಮರೀಸ್ ಕೊಂಡೆ 1986ರಲ್ಲಿ ಫ್ರೆಂಚ್‌ನಲ್ಲಿ ಬರೆದ ಕಾದಂಬರಿಯಲ್ಲಿ ಸೇಲಂನ ಗುಲಾಮ ಹೆಣ್ಣು ಟಿಟುಬಾ ತನ್ನ ಕಥೆ ತಾನೇ ಹೇಳುತ್ತಾಳೆ. ಕೋಲ್ಕತ್ತಾದಲ್ಲಿ ಹುಟ್ಟಿದ ಭಾರತಿ ಮುಖರ್ಜಿ 1993ರ 'ದಿ ಹೋಲ್ಡರ್ ಆಫ್ ದಿ ವರ್ಲ್ಡ್' ಕಾದಂಬರಿಯಲ್ಲಿ ಹದಿನೇಳನೆಯ ಶತಮಾನದ ಮ್ಯಾಸಚೂಸೆಟ್ಸ್ ಹೆಣ್ಣೊಬ್ಬಳನ್ನು ಕೋರಮಂಡಲ ಕರಾವಳಿಗೆ ತಂದರು.

ಇವುಗಳಲ್ಲಿ ನನ್ನನ್ನು ಹೆಚ್ಚು ಅಲುಗಾಡಿಸಿದ್ದು ಸೂಜನ್-ಲೋರಿ ಪಾರ್ಕ್ಸ್ ಅವರ 1999ರ ನಾಟಕ 'ಇನ್ ದಿ ಬ್ಲಡ್'. ಇಲ್ಲಿನ ಹೆಸ್ಟರ್ ಸೇತುವೆಯ ಕೆಳಗೆ ಐದು ಮಕ್ಕಳೊಂದಿಗೆ ಬದುಕುವ ಕಪ್ಪು ಹೆಣ್ಣು. ಓದು ಬಾರದ ಅವಳು ಮಗನಿಂದ 'ಎ' ಅಕ್ಷರ ಬರೆಯಲು ಕಲಿಯುತ್ತಿದ್ದಾಳೆ. ಅವಳ ಹತ್ತಿರ ವೈದ್ಯ ಬರುತ್ತಾನೆ, ಸರ್ಕಾರಿ ನೆರವಿನ ಇಲಾಖೆಯ ಹೆಂಗಸು ಬರುತ್ತಾಳೆ, ಅವಳ ಒಂದು ಮಗುವಿನ ತಂದೆಯಾದ ಪಾದ್ರಿಯೂ ಇದ್ದಾನೆ. ಎಲ್ಲರೂ ಅವಳಿಗೆ ಬುದ್ಧಿ ಹೇಳುವವರೇ, ಎಲ್ಲರೂ ಅವಳನ್ನು ಬಳಸಿಕೊಂಡವರೇ. ಒಬ್ಬೊಬ್ಬರಾಗಿ ರಂಗದ ಮುಂದಕ್ಕೆ ಬಂದು ಅದನ್ನು ಪ್ರೇಕ್ಷಕರೆದುರು ಒಪ್ಪಿಕೊಳ್ಳುತ್ತಾರೆ. ಅವರಿಗೆ ಯಾವ ಶಿಕ್ಷೆಯೂ ಆಗುವುದಿಲ್ಲ. ಸೆರೆಮನೆ ಸೇರುವುದು ಹೆಸ್ಟರ್.