ಕೆಲಸ ಗೊತ್ತಿಲ್ಲದ ಪ್ರೋಟೀನು

ನಮ್ಮ ನರಕೋಶಗಳಲ್ಲಿ ಯುಸಿಎಚ್-ಎಲ್1 ಅನ್ನೋ ಕಿಣ್ವವೊಂದಿದೆ. ಮಿದುಳಿನಲ್ಲಿ ಕರಗಿರುವ ಪ್ರೋಟೀನಿನಲ್ಲಿ ನೂರಕ್ಕೆ ಒಂದೆರಡು ಪಾಲು ಇದೇ. ಆದರೂ ಇದು ಮಾಡೋದೇನು ಅಂತ ತಿಳಿಯೋಕೆ ವರ್ಷಗಳೇ ಹಿಡಿದವು.

1981ರಲ್ಲಿ ಜಾಕ್ಸನ್ ಮತ್ತು ಥಾಂಪ್ಸನ್ ಎಂಬಿಬ್ಬರು ಮಿದುಳಿನ ಪ್ರೋಟೀನುಗಳನ್ನು ಜೆಲ್ ಮೇಲೆ ಬಿಡಿಸಿ ನೋಡಿದಾಗ, ಮಿದುಳಿಗೇ ವಿಶೇಷ ಅನ್ನಿಸುವ ಕೆಲವು ಚುಕ್ಕೆಗಳು ಕಂಡವು. ಅದರಲ್ಲೊಂದು ಪಿಜಿಪಿ 9.5. ಪಿಜಿಪಿ ಅಂದರೆ 'ಪ್ರೋಟೀನ್ ಜೀನ್ ಪ್ರಾಡಕ್ಟ್', ಅಷ್ಟೇ. ಹೆಸರಲ್ಲ, ರೋಲ್ ನಂಬರ್! ಕೆಲಸ ಗೊತ್ತಿಲ್ಲದಿದ್ದರೂ ಪೆಥಾಲಜಿಯವರು ನರಗಳನ್ನು ಗುರುತಿಸೋಕೆ ಇದನ್ನು ಬಳಸತೊಡಗಿದರು.

ಗುಟ್ಟು ಬಯಲಾಗಿದ್ದು 1989ರಲ್ಲಿ, ಕೀತ್ ವಿಲ್ಕಿನ್ಸನ್ ಮತ್ತು ಸಂಗಡಿಗರಿಂದ. ಕೋಶ ತನಗೆ ಬೇಡವಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತೆ. ಚೀಟಿ ಬಿದ್ದದ್ದು ಪ್ರೋಟಿಯಾಸೋಮ್‌ಗೆ ಹೋಗಿ ಚೂರಾಗುತ್ತೆ. (2004ರ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು ಇದನ್ನು ಕಂಡುಹಿಡಿದವರಿಗೇ.) ಚೀಟಿ ಅಂಟಿಸೋರಿದ್ದರೆ ಬಿಡಿಸೋರೂ ಬೇಕಲ್ಲ? ನಮ್ಮ ಪಿಜಿಪಿ 9.5 ಆ ಜಾತಿಯದ್ದು. ಕೋಶದಲ್ಲಿ ಬಿಡಿ ಚೀಟಿಗಳು ಮುಗಿಯದಂತೆ ನೋಡಿಕೊಳ್ಳೋದರಲ್ಲೂ ಇದರ ಕೈಯಿದೆ.

1998ರಲ್ಲಿ ದೊಡ್ಡ ಸುದ್ದಿ. ಜರ್ಮನಿಯ ಒಂದು ಮನೆಯಲ್ಲಿ ಪಾರ್ಕಿನ್‌ಸನ್ ಕಾಯಿಲೆಯಿದ್ದ ಒಡಹುಟ್ಟಿದ ಇಬ್ಬರಲ್ಲಿ ಇದೇ ಜೀನ್ ಕೆಟ್ಟಿತ್ತು, 93ನೇ ಜಾಗದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿತ್ತು. ಪಾರ್ಕಿನ್‌ಸನ್ ಜೀನ್‌ಗಳ ಪಟ್ಟಿಯಲ್ಲಿ ಇದಕ್ಕೆ 'ಪಾರ್ಕ್5' ಅನ್ನೋ ಜಾಗವೂ ಸಿಕ್ಕಿತು. ಆದರೆ ಮಕ್ಕಳಿಗೆ ಅದನ್ನು ದಾಟಿಸಿದ ಹೆತ್ತವರಿಗೆ ಕಾಯಿಲೆಯೇ ಇರಲಿಲ್ಲ! ಅದೇ ದೋಷವನ್ನು ಬೇರೆ ಪಾರ್ಕಿನ್‌ಸನ್ ಮನೆಗಳಲ್ಲಿ ಹುಡುಕಿದರೆ ಸಿಗಲೂ ಇಲ್ಲ.

ನಿಜವಾದ ಸುಳಿವು ಕೊಟ್ಟಿದ್ದು ಒಂದು ಇಲಿ. 1999ರಲ್ಲಿ ಜಪಾನಿನವರು 'ಗ್ಯಾಡ್' ಎಂಬ ತಳಿಯ ಇಲಿಯಲ್ಲಿ ಈ ಜೀನಿನ ತುಂಡೇ ಕಳೆದುಹೋಗಿದ್ದನ್ನು ಕಂಡರು. ಆ ಇಲಿಗಳ ಉದ್ದನೆಯ ನರತಂತುಗಳು ತುದಿಯಿಂದ ಸಾಯುತ್ತಾ ಬಂದು, ನಡಿಗೆ ತಪ್ಪುತ್ತಿತ್ತು. 2013ರಲ್ಲಿ ಟರ್ಕಿಯ ಒಂದೇ ಮನೆಯ ಮೂವರಲ್ಲಿ ಇಂಥದ್ದೇ ಕಥೆ: ಬಾಲ್ಯದಲ್ಲೇ ಕುರುಡು, ಆಮೇಲೆ ತೂರಾಡುವ ನಡಿಗೆ. 2017ರಲ್ಲಿ ನಾರ್ವೆಯ ಒಂದು ಮನೆಯಲ್ಲೂ ಇದೇ ಜೀನಿನ ದೋಷ ಸಿಕ್ಕಿತು. ಕಿಣ್ವ ಕೆಟ್ಟರೆ ನರ ಸಾಯೋದು ಖಂಡಿತ, ಆದರೆ ಕಾಯಿಲೆ ಪಾರ್ಕಿನ್‌ಸನ್ ಅಲ್ಲ.

ಇಬ್ಬರನ್ನು ನೋಡಿ ಬರೆದ ತೀರ್ಪು ವರ್ಷಗಟ್ಟಲೆ ಪಟ್ಟಿಗಳಲ್ಲಿ ಉಳಿದುಬಿಟ್ಟಿತು ನೋಡಿ. ಜೀನ್ ಪರೀಕ್ಷೆಯ ರಿಪೋರ್ಟ್ ಕೈಯಲ್ಲಿ ಹಿಡಿದು ಕೂತ ಮನೆಯವರಿಗೆ ಅಂಥ ಒಂದು ಸಾಲು ಎಷ್ಟು ನಿದ್ದೆ ಕೆಡಿಸಬಹುದು, ಯೋಚಿಸಿ. ಚೀಟಿ ಅಂಟಿಸೋದು ಸುಲಭ. ಬಿಡಿಸೋದೇ ಕಷ್ಟ, ಕೋಶದಾಚೆಗೂ.