ಗೋಡೆಗೊಂದು ಸರದಿ ಪಟ್ಟಿ: ಮಕ್ಕಳ ಮನೆಗೆಲಸಕ್ಕೂ ಲೆಕ್ಕವಿರಲಿ

ಕೂಡ್ಲಿಗಿ: ಬೆಳಗಾಗುವ ಮೊದಲೇ ಅಂಗಳಕ್ಕೆ ನೀರು ಚಿಮುಕಿಸುವ, ರಾತ್ರಿಯ ಮುಸುರೆ ತಿಕ್ಕುವ, ನಳದ ಮುಂದಿನ ಸಾಲಿನಲ್ಲಿ ಕೊಡ ಇಟ್ಟು ಕಾಯುವ ಮಕ್ಕಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಪರೂಪವಲ್ಲ. ಮಕ್ಕಳಿಗೆ ಮನೆಗೆಲಸದ ರೂಢಿ ಮಾಡಿಸುವುದು ಹೇಗೆ ಎಂಬುದು ಮಹಾನಗರದ ಪೋಷಕರ ಚಿಂತೆ. ಈ ಭಾಗದಲ್ಲಿ ರೂಢಿಗೆ ಕೊರತೆಯಿಲ್ಲ. ಕೊರತೆ ಇರುವುದು ಲೆಕ್ಕಕ್ಕೆ. ಯಾವ ಮಗು ಎಷ್ಟು ಹೊತ್ತು ಏನು ಮಾಡುತ್ತದೆ, ಅದೇ ವೇಳೆಯಲ್ಲಿ ಇನ್ನೊಂದು ಮಗು ಏನು ಮಾಡುತ್ತಿರುತ್ತದೆ ಎಂಬುದನ್ನು ಬರೆದಿಟ್ಟ ಮನೆಗಳು ವಿರಳ.

ಹೊಸಪೇಟೆಯೊಂದನ್ನು ಬಿಟ್ಟರೆ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳೆಲ್ಲ ಈ ಐದೇ. ಮಳೆಯಾಶ್ರಿತ ಬೇಸಾಯವೇ ಹೆಚ್ಚಾಗಿರುವ ಇಲ್ಲಿ ಮನೆಯ ಹಿರಿಯರು ಹೊಲಕ್ಕೆ, ಕೂಲಿಗೆ, ಕೆಲವು ತಿಂಗಳು ಪರವೂರಿಗೂ ಹೋಗುವುದರಿಂದ ಮನೆಯ ಭಾರದ ಒಂದು ಪಾಲು ಮಕ್ಕಳ ಮೇಲೆ ಬೀಳುತ್ತದೆ. ಬೀಳುವ ಪಾಲು ಎಲ್ಲ ಮಕ್ಕಳಿಗೂ ಸಮನಾಗಿರುವುದಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಆರು ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳು ಮತ್ತು ಮಹಿಳೆಯರಲ್ಲಿ ಶೇ 81.2ರಷ್ಟು ಮಂದಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದರೆ, ಪುರುಷರಲ್ಲಿ ಈ ಪ್ರಮಾಣ ಶೇ 26.1 ಮಾತ್ರ. ಕೆಲಸ ಮಾಡಿದವರ ಸರಾಸರಿ ಅವಧಿಯೂ ದಿನಕ್ಕೆ ಮಹಿಳೆಯರದು 299 ನಿಮಿಷ, ಪುರುಷರದು 97 ನಿಮಿಷ. ಈ ಅಂತರ ಮದುವೆಯಾದ ಮೇಲೆ ಹುಟ್ಟುವುದಲ್ಲ. ಅಕ್ಕ ಕಸಬರಿಗೆ ಹಿಡಿದಾಗ ತಮ್ಮ ಕ್ರಿಕೆಟ್ ಬ್ಯಾಟು ಹಿಡಿಯುವ ಅಂಗಳದಲ್ಲಿಯೇ ಅದು ಮೊಳೆಯುತ್ತದೆ.

ಗೋಡೆಯ ಮೇಲೆ ತೂಗುಹಾಕುವ ಮನೆಗೆಲಸದ ಸರದಿ ಪಟ್ಟಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪಾಶ್ಚಾತ್ಯ ದೇಶಗಳಲ್ಲಿ ‘ಚೋರ್ ಚಾರ್ಟ್’ ಎಂದು ಕರೆಯುವ ಇದು ಅಲ್ಲಿ ಮಕ್ಕಳನ್ನು ಕೆಲಸಕ್ಕೆ ಎಳೆಯುವ ಉಪಾಯ. ಇಲ್ಲಿ ಅದರ ಉಪಯೋಗ ಬಹುಮಟ್ಟಿಗೆ ತಿರುವುಮುರುವು: ಆಗಲೇ ಹೆಚ್ಚು ದುಡಿಯುತ್ತಿರುವ ಮಗುವಿನ ಕೈಯಿಂದ ಕೆಲವು ಕೆಲಸಗಳನ್ನು ಬಿಡಿಸಿ, ಏನೂ ಮಾಡದ ಕೈಗೆ ಕೊಡುವುದು.

ನಲಿಕಲಿಯ ಗೋಡೆ

ಇಂತಹ ಪಟ್ಟಿಯು ಇಲ್ಲಿಯ ಮಕ್ಕಳಿಗೆ ಹೊಸದಾಗಿ ಕಾಣುವ ವಸ್ತುವೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿದ ‘ನಲಿಕಲಿ’ ಪದ್ಧತಿಯಲ್ಲಿ ಗೋಡೆಯೇ ಅರ್ಧ ಪಾಠ ಹೇಳುತ್ತದೆ. ಕಲಿಕಾ ಏಣಿಯ ಮೆಟ್ಟಿಲುಗಳನ್ನು ಚಿತ್ರಗಳಿಂದ ಗುರುತಿಸಿರುತ್ತಾರೆ. ಯಾವ ಮಗು ಎಲ್ಲಿಯವರೆಗೆ ಬಂದಿದೆ ಎಂಬುದು ಪ್ರಗತಿ ನೋಟದಲ್ಲಿ ಕಾಣುತ್ತದೆ. ಕಪ್ಪುಹಲಗೆಯೂ ಮಕ್ಕಳ ಕೈಗೆಟುಕುವ ಎತ್ತರದಲ್ಲಿಯೇ ಇರುತ್ತದೆ.

ಮನೆಯ ಪಟ್ಟಿಗೆ ಬೇಕಾದ ಸೂತ್ರಗಳೂ ಇವೇ. ಅಕ್ಷರದ ಜೊತೆ ಚಿತ್ರವಿರಬೇಕು, ಗುರುತು ಹಾಕುವ ಕೈ ಮಗುವಿನದೇ ಆಗಿರಬೇಕು, ಪಟ್ಟಿಯು ಅತ್ಯಂತ ಕಿರಿಯ ಮಗುವಿನ ಕಣ್ಣಿನ ಮಟ್ಟದಲ್ಲಿರಬೇಕು. ಚಿತ್ರದಿಂದ ಇನ್ನೊಂದು ಪ್ರಯೋಜನವೂ ಉಂಟು. ಓದು ಬಾರದ ಅಜ್ಜಿಯೂ ಪಟ್ಟಿಯನ್ನು ನೋಡಿ ಇಂದಿನ ಸರದಿ ಯಾರದೆಂದು ಹೇಳಬಲ್ಲಳು.

ಮೊದಲು ಒಂದು ವಾರದ ಲೆಕ್ಕ

ಪಟ್ಟಿ ಮಾಡಲು ಕುಳಿತವರು ಸಾಮಾನ್ಯವಾಗಿ ಮೊದಲ ದಿನವೇ ಗೆರೆ ಎಳೆದು ಹೆಸರು ಬರೆಯುತ್ತಾರೆ. ಅಂತಹ ಪಟ್ಟಿ ಹಳೆಯ ರೂಢಿಯನ್ನೇ ಅಂದವಾಗಿ ಬರೆದಂತಾಗುತ್ತದೆ. ಒಂದು ವಾರ ಏನನ್ನೂ ಬದಲಿಸದೆ, ನಡೆಯುವುದನ್ನು ನಡೆದಂತೆಯೇ ಹಳೆಯ ನೋಟ್‌ಬುಕ್ಕಿನಲ್ಲಿ ಗುರುತು ಮಾಡುವುದು ಮೇಲು. ಕೆಲಸ, ಮಾಡಿದವರ ಹೆಸರು, ಹಿಡಿದ ಸಮಯ, ಇಷ್ಟೇ ಸಾಕು. ಅಪ್ಪ, ಅವ್ವ, ಅಜ್ಜ, ಅಜ್ಜಿ ಎಲ್ಲರ ಕೆಲಸವೂ ಅದರಲ್ಲಿ ಬರಬೇಕು.

ಈ ನೋಟ್‌ಬುಕ್ಕಿನಲ್ಲಿ ಬಿಟ್ಟುಹೋಗುವ ಕೆಲಸವೆಂದರೆ ಕೂಸು ನೋಡಿಕೊಳ್ಳುವುದು. ತಂಗಿಯನ್ನು ಸೊಂಟದ ಮೇಲೆ ಹೊತ್ತು ಓದಲು ಕುಳಿತವಳನ್ನು ‘ಸುಮ್ಮನೆ ಕುಳಿತಿದ್ದಾಳೆ’ ಎಂದೇ ಮನೆಯವರು ಭಾವಿಸುತ್ತಾರೆ. ಅದಕ್ಕೂ ಗಂಟೆಯ ಲೆಕ್ಕ ಬರೆಯಬೇಕು. ಉದ್ಯೋಗ ಖಾತರಿ ಕೂಲಿಕಾರರ ಎಳೆಯ ಮಕ್ಕಳಿಗಾಗಿ 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಕೂಸಿನ ಮನೆ’ ಊರಿನಲ್ಲಿ ನಡೆಯುತ್ತಿದ್ದರೆ, ಇಲ್ಲವೇ ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಕಳುಹಿಸುವಂತಿದ್ದರೆ, ದೊಡ್ಡ ಮಗುವಿನ ಹೆಸರಿನ ಮುಂದಿನ ಅತಿ ಭಾರವಾದ ಸಾಲೊಂದು ತಾನಾಗಿ ಅಳಿಯುತ್ತದೆ.

ವಾರದ ಕೊನೆಗೆ ಕೂಡಿಸಿ ನೋಡಿದಾಗ ಹಿರಿಯ ಮಗಳ ಹೆಸರಿನ ಮುಂದೆ ಬರುವ ಮೊತ್ತ ಪೋಷಕರಿಗೇ ಅಚ್ಚರಿ ತರಬಹುದು. ಪಟ್ಟಿಯ ನಿಜವಾದ ಕೆಲಸ ಅಲ್ಲಿಯೇ ಅರ್ಧ ಮುಗಿದಿರುತ್ತದೆ.

ತಯಾರಿಸುವ ಬಗೆ

ಬಜಾರಿನಿಂದ ತರಬೇಕಾದುದು ಹೆಚ್ಚೇನಿಲ್ಲ. ಹಳೆಯ ಗೋಡೆ ಕ್ಯಾಲೆಂಡರಿನ ದಪ್ಪ ಹಾಳೆಯ ಹಿಂಬದಿ, ಹಿಂದೆ ಅಂಟಿಸಲು ಒಂದು ರಟ್ಟು, ಕುದಿಸಿದ ಮೈದಾ ಅಂಟು, ಎರಡು ಬಣ್ಣದ ಸ್ಕೆಚ್ ಪೆನ್ನು, ಒಂದಷ್ಟು ಬಟ್ಟೆ ಕ್ಲಿಪ್ಪು ಇದ್ದರೆ ಆಯಿತು. ಹಾಳೆಯ ಎಡಕ್ಕೆ ಮೇಲಿನಿಂದ ಕೆಳಗೆ ಕೆಲಸಗಳ ಚಿತ್ರ. ತಲೆಯ ಮೇಲೆ ಸೋಮವಾರದಿಂದ ಭಾನುವಾರದವರೆಗೆ ಏಳು ಕಂಬ. ಹಳೆಯ ಮದುವೆ ಪತ್ರಿಕೆಗಳನ್ನು ಬೆರಳುದ್ದ ಕತ್ತರಿಸಿ, ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಗುರುತು ಬರೆದ ಬಿಲ್ಲೆಗಳನ್ನು ಮಾಡಬೇಕು. ಗುರುತನ್ನು ಮಕ್ಕಳೇ ಆರಿಸಿಕೊಳ್ಳಲಿ: ಒಬ್ಬರಿಗೆ ನವಿಲು, ಇನ್ನೊಬ್ಬರಿಗೆ ಟ್ರ್ಯಾಕ್ಟರ್. ಬಿಲ್ಲೆಯನ್ನು ಅಂಟಿಸದೆ ಕ್ಲಿಪ್ಪಿನಿಂದ ಸಿಕ್ಕಿಸಿದರೆ ವಾರಕ್ಕೊಮ್ಮೆ ಸರದಿ ಬದಲಿಸುವುದು ಸುಲಭ.

ಮಣ್ಣಿನ ಗೋಡೆಯ ಮನೆಯಲ್ಲಿ ಇಷ್ಟೂ ಬೇಕಿಲ್ಲ. ಪಡಸಾಲೆಯ ಗೋಡೆಯಲ್ಲಿ ಮೊಳದಗಲ ಜಾಗಕ್ಕೆ ಕಪ್ಪು ಬಣ್ಣ ಬಳಿದು ಸೀಮೆಸುಣ್ಣದಿಂದ ಬರೆದರೂ ಸಾಗುತ್ತದೆ. ಬರೆದದ್ದನ್ನು ಒರೆಸುವ ಅನುಕೂಲವೂ ಇದೆ. ಮಕ್ಕಳು ಇಬ್ಬರೇ ಇದ್ದರೆ ರಟ್ಟಿನ ಎರಡು ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಗುಂಡುಸೂಜಿ ಚುಚ್ಚಿದ ತಿರುಗುವ ಚಕ್ರವೂ ಸಾಕು. ಹೊರಗಿನ ಬಿಲ್ಲೆಯಲ್ಲಿ ಕೆಲಸ, ಒಳಗಿನದರಲ್ಲಿ ಹೆಸರು. ಭಾನುವಾರ ಒಂದು ಮನೆ ಮುಂದಕ್ಕೆ ತಿರುಗಿಸಿದರೆ ಹೊಸ ವಾರದ ಸರದಿ ಸಿದ್ಧ. ಚಕ್ರವು ಗಂಡು, ಹೆಣ್ಣು ನೋಡಿ ತಿರುಗುವುದಿಲ್ಲ ಎಂಬುದು ಅದರ ಗುಣ.

ಕೆಲಸಗಳನ್ನು ವಯಸ್ಸು ನೋಡಿ ಹಂಚಬೇಕು. ಮೂರರಿಂದ ಐದು ವರ್ಷದ ಮಗು ಚಪ್ಪಲಿಗಳನ್ನು ಸಾಲಾಗಿಡಬಲ್ಲದು, ಊಟಕ್ಕೆ ಗಂಗಾಳ ಹಾಕಬಲ್ಲದು. ಆರು ದಾಟಿದ ಮೇಲೆ ಕಸ ಗುಡಿಸುವುದು, ಗಿಡಕ್ಕೆ ನೀರು, ಸಂಜೆ ಕೋಳಿಗಳನ್ನು ಪುಟ್ಟಿಯಡಿ ಮುಚ್ಚುವುದು. ಒಂಬತ್ತು ಹತ್ತರ ಹೊತ್ತಿಗೆ ಕೌದಿ ಮಡಚುವುದು, ಅಕ್ಕಿ ಹಸನು ಮಾಡುವುದು, ಅಂಗಡಿಗೆ ಹೋಗಿ ಚಿಲ್ಲರೆ ಲೆಕ್ಕ ಹಾಕಿ ಬರುವುದು. ಹನ್ನೆರಡು ದಾಟಿದವರು, ಹುಡುಗರಾದರೂ ಸರಿಯೇ, ಹಿರಿಯರ ಎದುರಿನಲ್ಲಿ ಅನ್ನಕ್ಕಿಡಲು, ರೊಟ್ಟಿ ಬಡಿಯಲು ಕಲಿಯಬಹುದು. ‘ರೊಟ್ಟಿ ಬಡಿಯುವುದು ಹೆಣ್ಣಿನ ಕೆಲಸ’ ಎಂಬ ಮಾತಿಗೆ ಈ ಸೀಮೆಯ ಖಾನಾವಳಿಗಳಲ್ಲಿ ದುಡಿಯುವ ಗಂಡಸರೇ ಉತ್ತರವಾಗಿದ್ದಾರೆ.

ಪಟ್ಟಿಗೆ ಬರಬಾರದವು

ನೀರಿನ ವಿಷಯದಲ್ಲಿ ಎಚ್ಚರ ಅಗತ್ಯ. ಶುದ್ಧ ಕುಡಿಯುವ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನಿನ ಭಾರ 20 ಕೆ.ಜಿ. ಏಳು ವರ್ಷದ ಮಗುವಿನ ತೂಕವೇ ಹೆಚ್ಚು ಕಡಿಮೆ ಅಷ್ಟು. ಶಾಲಾ ಚೀಲದ ಭಾರ ಮಗುವಿನ ತೂಕದ ಶೇ 10ನ್ನು ಮೀರಬಾರದೆಂದು ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲಿ ಸುತ್ತೋಲೆ ಹೊರಡಿಸಿತು; ಚೀಲವನ್ನು ಇಳಿಸಿದ ಮೇಲೆ ಎತ್ತುವ ಕ್ಯಾನಿಗೆ ಸುತ್ತೋಲೆಯಿಲ್ಲ. ತಳ್ಳುಗಾಡಿ ಇದ್ದರೂ ತುಂಬಿದ ಕ್ಯಾನನ್ನು ಎತ್ತಿ ಇಳಿಸುವುದು ದೊಡ್ಡವರ ಸಾಲಿನಲ್ಲಿಯೇ ಇರಬೇಕು. ಸಣ್ಣವರಿಗೆ ಅರ್ಧ ಕೊಡ, ಚೊಂಬು, ಬಾಟಲಿ ಸಾಕು.

ಕೃಷಿ ಹೊಂಡದಿಂದ ನೀರು ತರುವುದು, ಅಲ್ಲಿ ದನಕ್ಕೆ ನೀರು ಕುಡಿಸುವುದು ಯಾವ ವಯಸ್ಸಿನ ಮಗುವಿನ ಹೆಸರಿಗೂ ಬೇಡ. ಹೊಂಡದ ಒಳಮೈಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದವರಿಗೆ ಈಜು ಬಂದರೂ ಹತ್ತಿ ಬರಲಾಗುವುದಿಲ್ಲ. ಮೇವು ಕತ್ತರಿಸುವ ಯಂತ್ರ, ಔಷಧಿ ಸಿಂಪಡಿಸುವ ಡಬ್ಬಿ, ಸೀಮೆಎಣ್ಣೆ ಸುರಿದು ಒಲೆ ಹೊತ್ತಿಸುವುದು ಇವೂ ಹೊರಗಿರಬೇಕು.

ಇನ್ನೊಂದು ಗೆರೆ ಸೂಕ್ಷ್ಮವಾದುದು. ಹಡಗಲಿ ಎಂದರೆ ಮಲ್ಲಿಗೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹೂವು ಅದು. ಮೊಗ್ಗು ಬಿಡಿಸುವುದು ಬೆಳಗಿನ ಕೆಲಸ, ಪುಟ್ಟ ಬೆರಳುಗಳು ಅದಕ್ಕೆ ಚುರುಕು. ಆದರೆ ಮಾರಾಟಕ್ಕೆ ಹೋಗುವ ಮೊಗ್ಗು ಮನೆಗೆಲಸವಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಾದ ತಿದ್ದುಪಡಿಯು 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿ, ಅಪಾಯವಿಲ್ಲದ ಕುಟುಂಬದ ಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ನೆರವಾಗಲು ಮಾತ್ರ ಅವಕಾಶ ನೀಡಿದೆ. ಅಂತಹ ನೆರವು ಕೂಡ ಸಂಜೆ 7ರಿಂದ ಬೆಳಗಿನ 8ರವರೆಗೆ ಸಲ್ಲದು, ದಿನಕ್ಕೆ ಮೂರು ಗಂಟೆ ಮೀರಬಾರದು ಎಂದು 2017ರ ನಿಯಮಗಳು ಹೇಳುತ್ತವೆ. ಬೆಳಗಿನ ಐದಕ್ಕೆ ಎದ್ದು ಮೊಗ್ಗು ಬಿಡಿಸಿ ತರಗತಿಯಲ್ಲಿ ತೂಕಡಿಸುವ ಮಗುವಿನ ಮನೆಯಲ್ಲಿ ‘ಮೊಗ್ಗು’ ಎಂದು ಪಟ್ಟಿಗೆ ಬರೆಯುವುದು ಸರದಿ ಹಂಚಿದಂತಲ್ಲ, ನಿಯಮ ಮುರಿದುದನ್ನು ಗೋಡೆಗೆ ತೂಗುಹಾಕಿದಂತೆ. ಕೂಡ್ಲಿಗಿ ಕಡೆಯಲ್ಲಿ ಕೂಲಿಗಾಗಿ ಹುಣಸೆಹಣ್ಣು ಬಡಿದು ಬೀಜ ತೆಗೆಯುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮಗುವನ್ನು ಶಾಲೆ ಬಿಡಿಸಿ ದುಡಿಸುವುದು ಕಂಡುಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಹಣ ಕೊಡಬೇಕೇ?

ಗುರುತು ಹಾಕಿದ ಪ್ರತಿ ಚೌಕಕ್ಕೂ ಎರಡು ರೂಪಾಯಿ ಎಂದು ಆಸೆ ತೋರಿಸುವ ಪೋಷಕರಿದ್ದಾರೆ. ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಗಮನಾರ್ಹ. 20 ತಿಂಗಳ ಮಕ್ಕಳು ದೊಡ್ಡವರ ಕೈಯಿಂದ ಬಿದ್ದ ವಸ್ತುವನ್ನು ತಾವಾಗಿಯೇ ಎತ್ತಿಕೊಡುತ್ತಿದ್ದರು. ಎತ್ತಿಕೊಟ್ಟಾಗಲೆಲ್ಲ ಬಹುಮಾನ ಪಡೆದ ಮಕ್ಕಳು ಮುಂದೆ ಬಹುಮಾನ ನಿಂತಾಗ, ಏನನ್ನೂ ಪಡೆಯದೆ ನೆರವಾಗುತ್ತಿದ್ದ ಮಕ್ಕಳಿಗಿಂತ ಕಡಿಮೆ ನೆರವಾದರು. ಕಾಸಿನ ಬದಲು ವಾರದ ಕೊನೆಗೆ ಮಕ್ಕಳು ಕೇಳಿದ ಅಡುಗೆ, ಒಂದು ಗಂಟೆ ಹೆಚ್ಚಿನ ಆಟ ಇಷ್ಟರಲ್ಲಿ ಮುಗಿಸುವುದು ಕ್ಷೇಮ. ಕೆಲಸ ತಪ್ಪಿಸಿದವರಿಗೆ ಊಟ ತಪ್ಪಿಸುವ, ಹೊಡೆಯುವ ಶಿಕ್ಷೆಗೆ ಪಟ್ಟಿಯನ್ನು ನೆಪ ಮಾಡಿದರಂತೂ ಮರುದಿನದಿಂದ ಸುಳ್ಳು ಗುರುತುಗಳೇ ತುಂಬಿಕೊಳ್ಳುತ್ತವೆ.

ಗುಳೆಯ ತಿಂಗಳುಗಳು, ಜಾತ್ರೆಯ ವಾರ

ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಮಲೆನಾಡಿಗೆ, ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರು ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ತಾಲ್ಲೂಕುಗಳ ತಾಂಡಾ ಮತ್ತು ಹಳ್ಳಿಗಳಲ್ಲಿ ಬಹಳ. ಊರಲ್ಲುಳಿದ ಅಜ್ಜ, ಅಜ್ಜಿ ಮತ್ತು ಮಕ್ಕಳ ಮನೆಗೆ ಹಳೆಯ ಪಟ್ಟಿ ಹೊಂದುವುದಿಲ್ಲ. ಅವ್ವನ ಬಿಲ್ಲೆ ತೆಗೆದ ದಿನ ಆಕೆಯ ಕೆಲಸಗಳೆಲ್ಲ ಹಿರಿಯ ಮಗಳ ಬಿಲ್ಲೆಯಡಿ ಸರಿದುಬಿಡುತ್ತವೆ. ಹೊರಡುವ ಹಿಂದಿನ ವಾರವೇ ಎಲ್ಲರೂ ಕುಳಿತು ಹೊಸ ಪಟ್ಟಿ ಬರೆಯುವುದು, ಯಾವ ಕೆಲಸವನ್ನು ಅಷ್ಟು ದಿನ ಕೈಬಿಡಬಹುದೆಂದು ಮೊದಲೇ ತೀರ್ಮಾನಿಸುವುದು ಅವಶ್ಯ. ದಿನಾಲೂ ನೆಲ ಸಾರಿಸದಿದ್ದರೆ ನಡೆಯುತ್ತದೆ, ಮಗಳ ಹಾಜರಿ ತಪ್ಪಿದರೆ ನಡೆಯುವುದಿಲ್ಲ. ಫೋನಿನಲ್ಲಿ ಪಟ್ಟಿಯ ಚಿತ್ರ ತರಿಸಿಕೊಂಡು ನೋಡುವುದು ದೂರದಲ್ಲಿರುವ ತಂದೆತಾಯಿಗೂ ಸಾಧ್ಯ.

ಕೊಟ್ಟೂರು ಗುರು ಬಸವೇಶ್ವರ ಸ್ವಾಮಿಯ ರಥೋತ್ಸವ, ಮೈಲಾರದ ಕಾರಣಿಕದ ದಿನಗಳಲ್ಲಿ ನೆಂಟರು ತುಂಬಿ ಮುಸುರೆ ನಾಲ್ಕು ಪಟ್ಟಾಗುತ್ತದೆ. ಆ ವಾರ ಪಟ್ಟಿಯನ್ನು ಮಡಚಿಟ್ಟರೆ ಹೆಣ್ಣುಮಕ್ಕಳಿಗೆ ಜಾತ್ರೆ ಕಾಣುವುದೇ ಇಲ್ಲ. ನೆಂಟರ ಮಕ್ಕಳಿಗೂ ಬಿಲ್ಲೆ ಮಾಡಿ ಸಿಕ್ಕಿಸಬಹುದು.

ಪಟ್ಟಿಯು ಒಂದೆರಡು ತಿಂಗಳಲ್ಲಿ ಹಳತಾಗುತ್ತದೆ. ಮಕ್ಕಳು ಗುರುತು ಹಾಕುವುದನ್ನು ಮರೆತು ಕೆಲಸ ಮಾತ್ರ ಮಾಡುತ್ತಿದ್ದರೆ ಇಳಿಸಿದರೂ ಆದೀತು. ಸರದಿ ಮತ್ತೆ ಒಬ್ಬರ ಕಡೆಗೇ ವಾಲತೊಡಗಿದರೆ ಪುನಃ ಒಂದು ವಾರದ ಲೆಕ್ಕದಿಂದ ಆರಂಭಿಸಬೇಕು. ಎಸ್ಸೆಸ್ಸೆಲ್ಸಿ ಓದುವ ಮಗಳಿದ್ದ ಮನೆಯಲ್ಲಿ ಹೊಸ ಹಾಳೆಗೆ ತಕ್ಕ ಕಾಲ ಫೆಬ್ರುವರಿ. ಪರೀಕ್ಷೆ ಮುಗಿಯುವವರೆಗೆ ಆಕೆಯ ಬಿಲ್ಲೆಯನ್ನು ಮುಸುರೆಯ ಸಾಲಿನಿಂದ ತೆಗೆದು, ಆ ಜಾಗದಲ್ಲಿ ತಮ್ಮನದನ್ನೂ ಅಪ್ಪನದನ್ನೂ ಒಂದು ದಿನ ಬಿಟ್ಟು ಒಂದು ದಿನ ಸಿಕ್ಕಿಸಬೇಕು.